ಮಡಚುವ ಸೈಕಲ್ಲು: ಕೊಳ್ಳೋಣವೇ, ಬೇಡವೇ?

ಅಕ್ಕಂದಿರೆ, ಬೈಲಕುಪ್ಪೆ ನಿಮಗೆ ಗೊತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಊರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ದೊಡ್ಡ ರಸ್ತೆಯಲ್ಲಿದೆ. 1960ರ ದಶಕದ ಮೊದಲಿನಿಂದ ಟಿಬೆಟಿನಿಂದ ಬಂದ ಜನ ಇಲ್ಲಿ ನೆಲೆಸಿದ್ದಾರೆ. ಅವರ ಊರುಗಳಿಗೆ ನಾವು ಕ್ಯಾಂಪು ಅನ್ನುತ್ತೇವೆ. ಚಿನ್ನದ ಬಣ್ಣದ ದೊಡ್ಡ ಬುದ್ಧನ ಮೂರ್ತಿಗಳಿರುವ ಗೋಲ್ಡನ್ ಟೆಂಪಲ್ಲು ಅಲ್ಲೇ ಇದೆ. ನೋಡಲು ದಿನಾ ಜನ ಬರುತ್ತಾರೆ. ಜನ ಬಂದರೆ ಹೋಟೆಲು ಬೇಕು, ಅಂಗಡಿ ಬೇಕು. ಹೋಟೆಲು, ಅಂಗಡಿ ಇದ್ದರೆ ಕೆಲಸಕ್ಕೆ ಆಳು ಬೇಕು. ಸುತ್ತಲ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೀಗೆ ಕ್ಯಾಂಪಿನ ಕೆಲಸಕ್ಕೆ ಹೋಗುತ್ತಾರೆ.

ಅವರಲ್ಲಿ ಒಬ್ಬ ಅಕ್ಕನ ಕತೆ ಇದು. ಅವರ ಹಳ್ಳಿ ದೊಡ್ಡ ರಸ್ತೆಯಿಂದ 2 ಕಿಲೋಮೀಟರ್ ಒಳಗಿದೆ. ಬೆಳಿಗ್ಗೆ ಎದ್ದು ಮನೆ ಕೆಲಸ ಮುಗಿಸಿ ರಸ್ತೆವರೆಗೂ ನಡೆಯಬೇಕು. ಅಲ್ಲಿ ಸರ್ಕಾರಿ ಬಸ್ಸು ಹತ್ತಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಬಸ್ಸಿಗೆ ದುಡ್ಡಿಲ್ಲ. ಆದರೆ ಬಸ್ಸು ಇಳಿದ ಮೇಲೆ ಹೋಟೆಲು ಇನ್ನೂ 2 ಕಿಲೋಮೀಟರ್ ದೂರ. ನಡೆದರೆ ಹೊತ್ತಾಗುತ್ತದೆ. ಆಟೋ ಹತ್ತಿದರೆ ಹೋಗಲು 20 ರೂಪಾಯಿ, ಬರಲು 20 ರೂಪಾಯಿ. ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ.

"ಬಸ್ಸೇನೋ ಪುಕ್ಕಟೆ ಕಣಕ್ಕ. ಆ ತುದಿ, ಈ ತುದಿ ಪುಕ್ಕಟೆ ಅಲ್ಲ" ಅಂತಾರೆ ಅವರು.

ಒಂದು ದಿನ ಅವರಿಗೆ ಒಂದು ಸುದ್ದಿ ಸಿಕ್ಕಿತು. ಬೆಂಗಳೂರಿನಿಂದ ಬಂದ ಒಬ್ಬರು ಊರು ಬಿಟ್ಟು ಹೋಗುತ್ತಿದ್ದಾರೆ. ಅವರ ಹತ್ತಿರ ಒಂದು ಮಡಚುವ ಸೈಕಲ್ಲಿದೆ. 5,500 ರೂಪಾಯಿ ಕೊಟ್ಟರೆ ಕೊಟ್ಟುಬಿಡುತ್ತಾರೆ. ಮಡಚಿ ಬಸ್ಸಿಗೆ ಹಾಕಿಕೊಳ್ಳಬಹುದು. ಇಳಿದ ಮೇಲೆ ಬಿಚ್ಚಿ ತುಳಿಯಬಹುದು. ಎರಡು ತುದಿಯ ಕಷ್ಟವೂ ತೀರಿತಲ್ಲ! ಸಂಘದಲ್ಲಿ ಸಾಲ ಕೇಳೋಣ ಅಂತ ಅವರು ಆಗಲೇ ಮನಸ್ಸು ಮಾಡಿಬಿಟ್ಟಿದ್ದರು. ಸಾಲ ಎತ್ತುವ ಮೊದಲು ಒಂದು ಮಾತು ನನ್ನನ್ನು ಕೇಳಿದರು. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮಡಚುವುದು ಅಂದರೆ ಹೇಗೆ?

ಮಾಮೂಲಿ ಸೈಕಲ್ಲಿನ ಕಬ್ಬಿಣದ ಚೌಕಟ್ಟು ಒಂದೇ ತುಂಡು. ಮಡಚುವ ಸೈಕಲ್ಲಿನ ಚೌಕಟ್ಟು ನಡುವೆ ಎರಡು ತುಂಡಾಗಿರುತ್ತದೆ. ಎರಡನ್ನೂ ಒಂದು ಕೀಲು ಹಿಡಿದಿರುತ್ತದೆ. ಬಾಗಿಲಿಗೆ ಬಿಜಾಗ್ರಿ ಇರುತ್ತದಲ್ಲ, ಅದೇ ಥರ. ಕೀಲು ತಾನಾಗಿ ತೆಗೆದುಕೊಳ್ಳಬಾರದು. ಅದಕ್ಕೆ ಒಂದು ಚಿಲಕ ಇರುತ್ತದೆ. ಹ್ಯಾಂಡಲಿನ ಕಂಬಕ್ಕೂ ಇಂಥದೇ ಒಂದು ಕೀಲು, ಒಂದು ಚಿಲಕ. ಸೀಟು ಕೆಳಕ್ಕೆ ಇಳಿಯುತ್ತದೆ. ಕೆಲವು ಸೈಕಲ್ಲಿನಲ್ಲಿ ಪೆಡಲೂ ಮಡಚುತ್ತದೆ. ಎಲ್ಲ ಮಡಚಿದರೆ ಸುಮಾರು ಎರಡೂವರೆ ಅಡಿ ಉದ್ದ, ಎರಡು ಅಡಿ ಎತ್ತರದ ಗಂಟು. ಮಂಚದ ಕೆಳಗೆ ಹೋಗಲಿಕ್ಕಿಲ್ಲ. ಬಾಗಿಲ ಮೂಲೆಯಲ್ಲಿ ಧಾರಾಳವಾಗಿ ನಿಲ್ಲುತ್ತದೆ.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸೈನಿಕರು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವಾಗ ಮಡಚುವ ಸೈಕಲ್ಲು ಜೊತೆಗೆ ಒಯ್ದಿದ್ದರು. ಅದನ್ನು ಮಾಡಿಕೊಟ್ಟದ್ದು ಬಿಎಸ್‌ಎ ಕಂಪನಿ. ಬಿಎಸ್‌ಎ ಹೆಸರಿನ ಸೈಕಲ್ಲನ್ನು ನಮ್ಮೂರಲ್ಲೂ ಜನ ತುಳಿದಿದ್ದಾರೆ.

ಈಗ ಮಡಚುವ ಸೈಕಲ್ಲುಗಳ ಚಕ್ರ ಸಾಮಾನ್ಯವಾಗಿ 20 ಇಂಚು. ಚಿಕ್ಕ ಮಕ್ಕಳ ಸೈಕಲ್ಲಿನಷ್ಟು. ಲೇಡೀಸ್ ಸೈಕಲ್ಲಿನ ಚಕ್ರ ಹೆಚ್ಚಾಗಿ 26 ಇಂಚು. 26 ಇಂಚಿನ ಚಕ್ರ ಒಂದು ಸುತ್ತು ಸುತ್ತಿದರೆ ಸುಮಾರು ಆರೂಮುಕ್ಕಾಲು ಅಡಿ ಮುಂದೆ ಹೋಗುತ್ತದೆ. 20 ಇಂಚಿನದು ಸುಮಾರು ಐದು ಅಡಿ. ಹಾಗಾದರೆ ಸಣ್ಣ ಚಕ್ರಕ್ಕೆ ಜಾಸ್ತಿ ತುಳಿಯಬೇಕಾ? ಹಾಗೇನಿಲ್ಲ. ಪೆಡಲಿನ ಹತ್ತಿರದ ಹಲ್ಲಿನ ಚಕ್ರವನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ನೀವು ಒಂದು ಸಲ ತುಳಿದರೆ ಹಿಂದಿನ ಚಕ್ರ ಹೆಚ್ಚು ಸಲ ಸುತ್ತುತ್ತದೆ. ಕಾಲಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೊಂಟಕ್ಕೆ ಗೊತ್ತಾಗುತ್ತದೆ. ದೊಡ್ಡ ಚಕ್ರ ಗುಂಡಿಯ ಮೇಲೆ ಹಾಯ್ದು ಹೋಗುತ್ತದೆ. ಸಣ್ಣ ಚಕ್ರ ಗುಂಡಿಯೊಳಕ್ಕೆ ಇಳಿದು ಹತ್ತುತ್ತದೆ. ದೊಡ್ಡ ರಸ್ತೆಯಲ್ಲಿ ಪರವಾಗಿಲ್ಲ. ನಮ್ಮ ಹಳ್ಳಿ ದಾರಿಗಳು ಹೇಗಿವೆ, ನಿಮಗೇ ಗೊತ್ತು. ಹೊಗೆಸೊಪ್ಪಿನ ಕಾಲದಲ್ಲಿ, ಶುಂಠಿ ಕೀಳುವ ಕಾಲದಲ್ಲಿ ಟ್ರ್ಯಾಕ್ಟರು ಓಡಾಡಿ ದಾರಿ ಉದ್ದಕ್ಕೂ ಚಕ್ರದ ಹಳ್ಳ ಬಿದ್ದಿರುತ್ತದೆ. ಮಳೆಗಾಲದಲ್ಲಿ ಕೆಂಪು ಮಣ್ಣು ಟಯರಿಗೆ ಮೆತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. ಸಣ್ಣ ಚಕ್ರದ ಸೈಕಲ್ಲಿನ ಹ್ಯಾಂಡಲು ತುಂಬಾ ಚುರುಕು. ಸ್ವಲ್ಪ ತಿರುಗಿಸಿದರೆ ಜಾಸ್ತಿ ತಿರುಗುತ್ತದೆ. ಒಂದು ಕೈಯಲ್ಲಿ ಸೆರಗು ಸರಿಮಾಡಿಕೊಂಡು, ಒಂದೇ ಕೈಯಲ್ಲಿ ಹ್ಯಾಂಡಲು ಹಿಡಿಯುವ ಅಭ್ಯಾಸ ಇದ್ದರೆ ಬೀಳುತ್ತೀರಿ. ಸೆರಗನ್ನು ಮೊದಲೇ ಸೊಂಟಕ್ಕೆ ಸಿಕ್ಕಿಸಿ. ಚೈನಿಗೆ ಮುಚ್ಚಳ ಇಲ್ಲದಿದ್ದರೆ ಹಾಕಿಸಿ. ಮಡಚುವ ಸೈಕಲ್ಲು ಮಾಡುವವರು ಸೀರೆ ಉಡುವವರನ್ನು ನೆನೆಸಿಕೊಂಡು ಮಾಡಿರುವುದಿಲ್ಲ.

ಹಾಗಂತ ಬರೀ ದೋಷವೇ ಅಲ್ಲ. ಈ ಸೈಕಲ್ಲಿನ ನಡುವೆ ಅಡ್ಡ ಕಂಬಿ ಎತ್ತರಕ್ಕಿರುವುದಿಲ್ಲ. ಹತ್ತುವುದು ಇಳಿಯುವುದು ಸಲೀಸು. ಸೀಟು ಇಳಿಸಿದರೆ ಎರಡು ಕಾಲೂ ನೆಲ ಮುಟ್ಟುತ್ತವೆ. ದೊಡ್ಡವರಾದ ಮೇಲೆ ಸೈಕಲ್ ಕಲಿಯುವವರಿಗೆ ಇದು ದೊಡ್ಡ ಧೈರ್ಯ. ಸೀಟು ಏರಿಸಿದರೆ ಅಮ್ಮ, ಇಳಿಸಿದರೆ ಮಗಳು. ಇಬ್ಬರಿಗೂ ಒಂದೇ ಸೈಕಲ್ಲು ಆಗುತ್ತದೆ. ತೂಕ ಸುಮಾರು 12ರಿಂದ 15 ಕಿಲೋ. ಒಂದು ತುಂಬಿದ ಬಿಂದಿಗೆಯಷ್ಟು. ನಮಗೆ ಬಿಂದಿಗೆ ಎತ್ತುವುದು ಹೊಸದೇ?

ದೊಡ್ಡವರಾದ ಮೇಲೆ ಕಲಿಯುವುದು ಅಂದೆನಲ್ಲ, ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಸಂಗತಿ ಹೇಳಲೇಬೇಕು. 1990ರ ದಶಕದ ಮೊದಲಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ಸಾವಿರಾರು ಹೆಣ್ಣುಮಕ್ಕಳು ಕಲಿತರು. ಅಷ್ಟು ಜನಕ್ಕೆ ಲೇಡೀಸ್ ಸೈಕಲ್ಲು ಎಲ್ಲಿಂದ ತರುವುದು? ಜೆಂಟ್ಸ್ ಸೈಕಲ್ಲಿನಲ್ಲೇ ಕಲಿತರು. ಅದೇ ಒಳ್ಳೆಯದು ಅಂದವರೂ ಇದ್ದರು. ಯಾಕೆ ಗೊತ್ತಾ? ಮುಂದಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದು! ಅವರು ಸೈಕಲ್ಲಿನ ಅಂದ ನೋಡಲಿಲ್ಲ. ತಮ್ಮ ಮನೆಗೆ ಏನು ಬೇಕು ಅಂತ ನೋಡಿದರು.

ಆ ಲೆಕ್ಕದಲ್ಲಿ ನೋಡಿದರೆ ಮಡಚುವ ಸೈಕಲ್ಲಿನಲ್ಲಿ ಮಗುವಿಗೆ ಜಾಗವಿಲ್ಲ. ಕ್ಯಾರಿಯರ್ರು ಇದ್ದರೂ ಸಣ್ಣದು. ಹತ್ತು ಕಿಲೋ ಅಕ್ಕಿ ಚೀಲ ಕಟ್ಟಬಹುದು. ಹುಲ್ಲಿನ ಹೊರೆ, ಇನ್ನೊಬ್ಬ ಮನುಷ್ಯ, ಇವೆಲ್ಲ ಆಗದ ಮಾತು. ಎಷ್ಟು ಭಾರ ತಡೆಯುತ್ತದೆ ಅಂತ ಹಲವು ಸೈಕಲ್ಲುಗಳ ಮೇಲೆ ಚೀಟಿ ಅಂಟಿಸಿರುತ್ತಾರೆ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಬಹುದು. ಆ ಅಂಕಿಯಲ್ಲಿ ನಿಮ್ಮ ತೂಕವೂ ಸೇರಿತು, ಚೀಲದ ತೂಕವೂ ಸೇರಿತು.

ಹಳೇ ಸೈಕಲ್ಲು ನೋಡುವುದು ಹೇಗೆ?

ಮಡಚುವ ಸೈಕಲ್ಲಿನಲ್ಲಿ ಪ್ರಾಣ ಇರುವುದು ಕೀಲಿನಲ್ಲಿ. ಬಣ್ಣ ನೋಡಿ ಮರುಳಾಗಬೇಡಿ. ಬೆಲ್ಲು ಹೊಡೆದು ನೋಡಿ ಸಾಕು ಅನ್ನಬೇಡಿ. ಮೊದಲು ಕೀಲು ನೋಡಿ.

ನಮ್ಮ ಅಕ್ಕ ಸೈಕಲ್ಲನ್ನು ನೇರವಾಗಿ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದರು. ಮಾರುವವರೂ ಜೊತೆಗೆ ಬಂದರು.

"ಅಣ್ಣ, ಇದನ್ನ ಒಸಿ ನೋಡಿ ಹೇಳಿ. ಇನ್ನೂ ದುಡ್ಡು ಕೊಟ್ಟಿಲ್ಲ."

"ಕೊಡೋಕೆ ಮೊದ್ಲೇ ತಂದ್ರಲ್ಲ, ಒಳ್ಳೇದಾಯ್ತು ಬುಡಕ್ಕ. ಎಲ್ರೂ ಕೊಟ್ಟಾದ್ಮೇಲೆ ತತ್ತಾರೆ."

ಶಾಪಿನ ಅಣ್ಣ ಮುಂದಿನ ಬ್ರೇಕು ಒತ್ತಿ ಹಿಡಿದರು. ಹ್ಯಾಂಡಲು ಹಿಡಿದು ಸೈಕಲ್ಲನ್ನು ಮುಂದಕ್ಕೂ ಹಿಂದಕ್ಕೂ ಜಗ್ಗಿದರು. ನಡುವಿನಿಂದ ಟಕ್ ಟಕ್ ಅಂತ ಸದ್ದು ಬಂತು. ಅಕ್ಕನ ಮುಖ ಸಣ್ಣಗಾಯಿತು.

ಆ ಸದ್ದಿಗೆ ಮೂರು ಕಾರಣ ಇರಬಹುದು. ಚಿಲಕ ಸಡಿಲವಾಗಿರಬಹುದು. ಅದು ಸಣ್ಣ ಕೆಲಸ. ಚಿಲಕದ ನಟ್ಟು ಬಿಗಿ ಮಾಡಿದರೆ ಸರಿಹೋಗುತ್ತದೆ. ಕೀಲಿನ ಒಳಗಿನ ಕಡ್ಡಿ ಸವೆದಿರಬಹುದು. ಆಗ ಅದೇ ಅಳತೆಯ ಕಡ್ಡಿ ಸಿಗಬೇಕು. ನಮ್ಮ ಕಡೆ ಸಿಗುವುದು ಕಷ್ಟ. ಮೂರನೆಯದು ಬಿರುಕು. ಕೀಲಿನ ಹತ್ತಿರ ಬೆಸುಗೆ ಹಾಕಿದ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿನಲ್ಲಿ ನೋಡಬೇಕು. ಕೂದಲೆಳೆಯಷ್ಟು ಗೆರೆ ಇದ್ದರೂ ಬೇಡ. ಗೆರೆಯ ಉದ್ದಕ್ಕೂ ತುಕ್ಕು ಇದ್ದರಂತೂ ಬೇಡವೇ ಬೇಡ. "ವೆಲ್ಡಿಂಗ್ ಮಾಡಿಸಿಕೊಳ್ಳಿ, ನೂರು ರೂಪಾಯಿ ಕೆಲಸ" ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಅಲ್ಯೂಮಿನಿಯಮ್ ಚೌಕಟ್ಟಾಗಿದ್ದರೆ ಸಾಮಾನ್ಯ ವೆಲ್ಡಿಂಗ್ ಶಾಪಿನಲ್ಲಿ ಅದು ಆಗುವ ಕೆಲಸವೇ ಅಲ್ಲ. ಕಬ್ಬಿಣದ್ದಾದರೂ ಕೀಲಿನ ಜಾಗದಲ್ಲಿ ಮತ್ತೆ ಬಿಡುತ್ತದೆ. ಓಡುವ ಸೈಕಲ್ಲು ನಡುವೆ ಮುರಿದರೆ, ಹಿಂದಿನಿಂದ ಲಾರಿ ಬರುತ್ತಿದ್ದರೆ, ಏನಾಗುತ್ತದೆ ಯೋಚಿಸಿ.

ಹ್ಯಾಂಡಲು ಕಂಬದ ಚಿಲಕವನ್ನೂ ಹೀಗೇ ನೋಡಬೇಕು. ಜನ ಇದನ್ನು ಮರೆಯುತ್ತಾರೆ. ನನಗೆ ಕೇಳಿದರೆ ನಡುವಿನ ಚಿಲಕಕ್ಕಿಂತ ಇದೇ ಹೆಚ್ಚು ಅಪಾಯ. ತುಳಿಯುವಾಗ ಇದು ತೆಗೆದುಕೊಂಡರೆ ಹ್ಯಾಂಡಲು ಕೈಯಲ್ಲೇ ಮಡಚಿ ಬೀಳುತ್ತದೆ. ಚಿಲಕ ಹಾಕುವಾಗ ಅಂಗೈಯಿಂದ ಒತ್ತಬೇಕು. ಬೆರಳಿಂದ ಮುಟ್ಟಿದರೆ ಸಾಕು, ಬಿದ್ದುಕೊಳ್ಳುತ್ತದೆ ಅಂದರೆ ಅದು ಸಡಿಲ. ಹತ್ತುವ ಮುಂಚೆ ದಿನಾ ಎರಡು ಚಿಲಕವನ್ನೂ ಮುಟ್ಟಿ ನೋಡಬೇಕು. ಗ್ಯಾಸ್ ಒಲೆ ಆರಿಸಿದೆನಾ ಅಂತ ನೋಡುತ್ತೀವಲ್ಲ, ಹಾಗೆ.

ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಸೀಟು ಏರಿಸಬಾರದು. ಏರಿಸಿದರೆ ಕಂಬ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಗೆರೆ ಒಳಗಿದ್ದಾಗ ನಿಮ್ಮ ಕಾಲಿಗೆ ಪೆಡಲು ಸರಿಯಾಗಿ ಸಿಗಬೇಕು. ಸಿಗದಿದ್ದರೆ ಆ ಸೈಕಲ್ಲು ನಿಮ್ಮ ಅಳತೆಯದಲ್ಲ.

ಟಯರಿನ ಪಕ್ಕದಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ. ಕೂತು ಓದಿ. 406 ಅಂತ ಇದ್ದರೆ ಒಳ್ಳೆಯದು. ಮಕ್ಕಳ 20 ಇಂಚಿನ ಸೈಕಲ್ಲಿಗೂ ಸಾಮಾನ್ಯವಾಗಿ ಅದೇ ಅಳತೆ. ಪಿರಿಯಾಪಟ್ಟಣ, ಕುಶಾಲನಗರದಂಥ ಊರಿನ ಅಂಗಡಿಯಲ್ಲಿ ಕೇಳಬಹುದು. 451 ಅಂತ ಇದ್ದರೆ ಅದಕ್ಕೂ 20 ಇಂಚು ಅಂತಲೇ ಹೇಳುತ್ತಾರೆ. ಆದರೆ ಮಕ್ಕಳ ಸೈಕಲ್ಲಿನ ಟಯರು ಅದಕ್ಕೆ ಕೂರುವುದಿಲ್ಲ. ಒಂದು ಪಂಚರ್ರಿಗೆ, ಒಂದು ಟಯರಿಗೆ ಮೈಸೂರಿಗೆ ಹೋಗಿ ಬರುವ ಸೈಕಲ್ಲು ನಮಗೇಕೆ?

ಗೇರು ಇರುವ ಸೈಕಲ್ಲು ನೋಡಲು ಚೆಂದ. ನಮ್ಮ ದಾರಿಗೆ ಗೇರು ಇಲ್ಲದಿದ್ದರೂ ನಡೆಯುತ್ತದೆ. ಕೆಡುವ ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು.

ಕೊನೆಗೆ ನೀವೇ ಮಡಚಿ ನೋಡಿ. ಮಾರುವವರು ಅರ್ಧ ನಿಮಿಷದಲ್ಲಿ ಮಡಚಿ ತೋರಿಸುತ್ತಾರೆ. ಅವರಿಗೆ ಕೈ ಪಳಗಿದೆ. ನೀವು ಐದು ಸಲ ಮಡಚಿ, ಐದು ಸಲ ಬಿಚ್ಚಿ. ಕೈಯಲ್ಲಿ ಊಟದ ಡಬ್ಬಿ ಇರುವ ಹಾಗೆ, ಬಸ್ಸು ಬಂದು ನಿಂತಿರುವ ಹಾಗೆ ಅಂದುಕೊಂಡು ಮಾಡಿ.

ಲೆಕ್ಕ

ಶಾಪಿನ ಅಣ್ಣ ಚಿಲಕ ಬಿಗಿ ಮಾಡಿದರು. ಸದ್ದು ನಿಂತಿತು. ಬಿರುಕು ಇರಲಿಲ್ಲ. ಆದರೆ ಎರಡು ಟಯರೂ ಸವೆದಿದ್ದವು. ಬ್ರೇಕಿನ ರಬ್ಬರು, ವೈರು ಹೋಗಿದ್ದವು. ಎಲ್ಲಕ್ಕೂ 1,000 ರೂಪಾಯಿ ಆಗುತ್ತದೆ ಅಂದರು.

ಸೈಕಲ್ಲಿಗೆ 5,500. ರಿಪೇರಿಗೆ 1,000. ಒಟ್ಟು 6,500 ರೂಪಾಯಿ.

ಆಟೋಗೆ ದಿನಕ್ಕೆ 40 ರೂಪಾಯಿ. ತಿಂಗಳಿಗೆ 25 ದಿನ ಕೆಲಸ. 40ನ್ನು 25ರಿಂದ ಗುಣಿಸಿದರೆ 1,000 ರೂಪಾಯಿ. ಅಂದರೆ ಆರೂವರೆ ತಿಂಗಳಿಗೆ ಸೈಕಲ್ಲಿನ ದುಡ್ಡು ಹುಟ್ಟುತ್ತದೆ. ಆದರೆ ಜೂನು, ಜುಲೈನಲ್ಲಿ ಕೊಡಗಿನ ಮಳೆ ನಮ್ಮ ಕಡೆಗೂ ಬರುತ್ತದೆ. ಆ ದಿನಗಳಲ್ಲಿ ಮತ್ತೆ ಆಟೋನೇ. ಸಂಘದ ಸಾಲಕ್ಕೆ ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ ಅಂದರೂ ಮೊದಲ ತಿಂಗಳೇ 65 ರೂಪಾಯಿ. ಎಲ್ಲ ಸೇರಿದರೆ ಎಂಟು ತಿಂಗಳು ಅಂದುಕೊಳ್ಳಿ. ಅಷ್ಟಾದರೂ ನಷ್ಟವೇನಲ್ಲ.

ಆಗ ನಾನು ಒಂದು ಪ್ರಶ್ನೆ ಕೇಳಿದೆ. "ಅಕ್ಕ, ನೀವು ಹತ್ತೋ ಬಸ್ಸಲ್ಲಿ ಇದನ್ನ ಇಡೋಕೆ ಜಾಗ ಇರುತ್ತಾ?"

ಅವರು ಅದನ್ನು ಯೋಚಿಸಿರಲಿಲ್ಲ. ಮರುದಿನ ಕಂಡಕ್ಟರನ್ನು ಕೇಳಿದರು.

"ಬೆಳಿಗ್ಗೆ ಸ್ಕೂಲ್ ಮಕ್ಕಳು, ಕಾಲೇಜ್ ಮಕ್ಕಳು ಬಾಗಿಲಲ್ಲಿ ನೇತಾಡ್ತಾರೆ ಕಣಮ್ಮ. ಸೈಕಲ್ ಎಲ್ಲಿ ಇಡ್ತೀಯ? ಮಧ್ಯಾಹ್ನದ ಬಸ್ಸಾದ್ರೆ ನೋಡಾಣ" ಅಂದರು.

ಅವರ ಮಾತೂ ಸುಳ್ಳಲ್ಲ. ಬಸ್ಸಿಗೆ ಒಯ್ಯುವುದಕ್ಕೇ ಮಡಚುವ ಸೈಕಲ್ಲು ಬೇಕು ಅಂತ ಹೊರಟವರು ನಾವು. ಬಸ್ಸಿಗೆ ಹತ್ತಿಸಲು ಆಗದಿದ್ದರೆ ಆ ಕೀಲಿನಿಂದ ನಮಗೇನು ಲಾಭ? ಮಡಚದೇ ತುಳಿಯುವುದಾದರೆ ಮಾಮೂಲಿ ಸೈಕಲ್ಲೇ ಗಟ್ಟಿ. ಅದರ ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ. ಕೀಲಿಗೆ ದುಡ್ಡು ಕೊಟ್ಟು, ಕೀಲಿನ ಚಿಂತೆಯನ್ನೂ ಕಟ್ಟಿಕೊಂಡು, ಕೀಲನ್ನು ಉಪಯೋಗಿಸದೇ ಇರುವುದು ಯಾವ ಲೆಕ್ಕ?

ಅಷ್ಟರಲ್ಲಿ ಅವರ ಮಗಳು ಒಂದು ಮಾತು ಅಂದಳು. "ಅಮ್ಮ, ನನ್ನ ಸ್ಕೂಲ್ ಸೈಕಲ್ ಕೊಟ್ಟಿಗೇಲಿ ಬಿದ್ದೈತಲ್ಲ?"

2006-07ರಿಂದ ಸರ್ಕಾರ ಹಲವು ವರ್ಷ 8ನೇ ತರಗತಿ ಮಕ್ಕಳಿಗೆ ಸೈಕಲ್ಲು ಕೊಟ್ಟಿತು. ಮಗಳಿಗೂ ಬಂದಿತ್ತು. ಅವಳು ಕಾಲೇಜಿಗೆ ಸೇರಿ ಬಸ್ಸು ಹತ್ತಿದ ಮೇಲೆ ಅದರ ಮೇಲೆ ಕೋಳಿ ಕೂರುತ್ತಿತ್ತು. ಟಯರು, ಟ್ಯೂಬು, ಚೈನು, ಬ್ರೇಕು ಎಲ್ಲ ಹೊಸದು ಹಾಕಿಸಿದರು. 1,400 ರೂಪಾಯಿ ಆಯಿತು. ಸಾಲ ಎತ್ತಲಿಲ್ಲ. ಈಗ ಆ ಸೈಕಲ್ಲು ಬೈಲಕುಪ್ಪೆಯಲ್ಲೇ ಇರುತ್ತದೆ. ಬಸ್ ಸ್ಟಾಪಿನ ಹತ್ತಿರ ಗುರುತಿನವರ ಅಂಗಡಿಯ ಹಿಂದೆ ಬೀಗ ಹಾಕಿ ಬಿಡುತ್ತಾರೆ. ಬಸ್ಸು ಇಳಿದ ತಕ್ಷಣ ಹತ್ತಿ ಹೋಗುತ್ತಾರೆ.

ಹಳ್ಳಿ ಕಡೆಯ ತುದಿ ಮಾತ್ರ ಹಾಗೇ ಉಳಿಯಿತು. 2 ಕಿಲೋಮೀಟರ್ ಈಗಲೂ ನಡಿಗೆಯೇ. ಬೆಳಿಗ್ಗೆ ಜೊತೆಗೆ ನಾಲ್ಕು ಜನ ಇರುತ್ತಾರೆ. ಸಂಜೆ ಕತ್ತಲಾದರೆ ಮಗಳು ಟಾರ್ಚು ಹಿಡಿದು ಎದುರು ಬರುತ್ತಾಳೆ. "ಆ ಮಡಚೋದು ಇದ್ದಿದ್ರೆ" ಅಂತ ಅಕ್ಕ ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ.

ಆ ಸೈಕಲ್ಲು ಏನಾಯಿತು?

ಇನ್ನೊಬ್ಬರು ಕೊಂಡರು. ಅವರು ಕುಶಾಲನಗರದಲ್ಲಿ ಮಹಡಿ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಕ್ಯಾಂಪಿನ ಒಂದು ಅಂಗಡಿಯಲ್ಲಿ ಹೊಲಿಗೆ ಕೆಲಸ. ಕಾವೇರಿ ಸೇತುವೆ ದಾಟಿ, ಕೊಪ್ಪದ ಮೇಲೆ ಹೋದರೆ ಐದಾರು ಕಿಲೋಮೀಟರ್. ಪೂರ್ತಿ ಟಾರು ರಸ್ತೆ. ಬಸ್ಸಿನ ಗೊಡವೆಯೇ ಇಲ್ಲ. ಅವರ ಮೊದಲ ಸೈಕಲ್ಲನ್ನು ಮೆಟ್ಟಿಲ ಕೆಳಗೆ ಬಿಟ್ಟಿದ್ದಾಗ ರಾತ್ರಿ ಯಾರೋ ಕದ್ದೊಯ್ದಿದ್ದರು. ಅವರಿಗೆ ಬೇಕಾಗಿದ್ದು ಕೋಣೆಯ ಒಳಗೆ ಇಟ್ಟುಕೊಳ್ಳುವ ಸೈಕಲ್ಲು. ಮಗು ಕೂರಿಸುವುದಿಲ್ಲ. ಹೊರೆ ಹೊರುವುದಿಲ್ಲ. ದಿನಕ್ಕೆ ಎರಡು ಸಲ ಮಡಚುತ್ತಾರೆ. ಕೀಲಿಗೆ ಕೊಟ್ಟ ದುಡ್ಡು ಅವರಿಗೆ ದಿನಾ ಕೆಲಸಕ್ಕೆ ಬರುತ್ತದೆ.

ಟಯರು ಸವೆದಿದೆ, ಬ್ರೇಕು ಹೋಗಿದೆ ಅಂತ ಶಾಪಿನವರು ಹೇಳಿದ್ದನ್ನೇ ಹಿಡಿದು ಅವರು ಚೌಕಾಸಿ ಮಾಡಿದರು. 4,500ಕ್ಕೆ ಬಂತು.

ಅವರು ಇನ್ನೂ ಒಂದು ಕೆಲಸ ಮಾಡಿದರು. ಒಮ್ಮೆ ಕಳ್ಳತನ ಕಂಡವರಲ್ಲವೇ? ಕದ್ದ ಮಾಲು ತನ್ನ ಕೈಗೆ ಬರಬಾರದು ಅಂತ ಹಳೇ ಬಿಲ್ಲು ಕೇಳಿದರು. ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲು ಸೇರುವ ಜಾಗದ ಕೆಳಗೆ ಕೊರೆದ ನಂಬರನ್ನು ಬಿಲ್ಲಿನ ನಂಬರಿನ ಜೊತೆ ಹೋಲಿಸಿದರು. ಬಿಲ್ಲಿನಲ್ಲಿ ನಂಬರಿಲ್ಲದಿದ್ದರೂ ಚಿಂತೆಯಿಲ್ಲ, ನಿಮ್ಮ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ಹೀಗೆ ಬರೆಸಿಕೊಂಡರು. ನೀವೂ ಬರೆದು ಅಭ್ಯಾಸ ಮಾಡಿ.

ನಾನು ____________, ನನ್ನ ಮಡಚುವ ಸೈಕಲ್ಲನ್ನು ____________ ಅವರಿಗೆ ________ ರೂಪಾಯಿಗೆ ಮಾರಿದ್ದೇನೆ. ಹಣ ಪೂರ್ತಿ ಸಂದಿದೆ. ಸೈಕಲ್ಲಿನ ನಂಬರು ____________. ಬಣ್ಣ ________.
ತಾರೀಖು ________. ಮಾರಿದವರ ಸಹಿ ____________. ಕೊಂಡವರ ಸಹಿ ____________.

ಕೊಂಡವರ ಸಹಿಯ ಜಾಗದಲ್ಲಿ ಅವರು ಹೆಬ್ಬೆಟ್ಟು ಒತ್ತಲಿಲ್ಲ. ಹೆಸರು ಬರೆದರು. ಒತ್ತಕ್ಷರ ಒಂದು ಸ್ವಲ್ಪ ಕೆಳಗೆ ಜಾರಿತ್ತು, ಅಷ್ಟೇ.